ಥ್ರಾಟಲ್ ಬಾಡಿಯೊಳಗೆ ಬೆರಳು ಹಾಕಬೇಡಿ, ಪವರ್ ಆಫ್ ಮಾಡುವಾಗಲಂತೂ ಬೇಡವೇ ಬೇಡ

ಕಾಲೇಜು ಪ್ರಾಜೆಕ್ಟ್‌ಗೆ ಎಲೆಕ್ಟ್ರಾನಿಕ್ ಥ್ರಾಟಲ್ ಟೆಸ್ಟ್ ಬೆಂಚ್ ಕಟ್ಟುತ್ತಿರುವವರು ದಯವಿಟ್ಟು ಇದನ್ನು ಓದಿ. ಥ್ರಾಟಲ್ ಬಾಡಿ ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿರುವ ಕೊಳವೆ; ಅದರೊಳಗಿನ ದುಂಡು ತಟ್ಟೆಯನ್ನು ಮೋಟಾರ್ ತೆರೆದು ಮುಚ್ಚುತ್ತದೆ. ತುಮಕೂರಿನ ನಮ್ಮ ಲ್ಯಾಬ್‌ನಲ್ಲಿ ನನ್ನ ಗೆಳೆಯನ ಬೆರಳಿಗೆ ಎರಡು ಹೊಲಿಗೆ ಬಿತ್ತು. ತಪ್ಪು ನನ್ನದು.

ಗುಜರಿ ಅಂಗಡಿಯಿಂದ ಹಳೇ ಕಾರಿನ ಥ್ರಾಟಲ್ ಬಾಡಿ ತಂದು ಪ್ಲೈವುಡ್ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿದ್ದೆವು. ಅದಕ್ಕೆ ಆರು ಪಿನ್. ಎರಡು ಮೋಟಾರ್‌ಗೆ, ಒಂದು 5 ವೋಲ್ಟ್, ಒಂದು ಗ್ರೌಂಡ್, ಉಳಿದೆರಡು ತಟ್ಟೆ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್ ಸಿಗ್ನಲ್. ತಟ್ಟೆ ತೆರೆದ ಹಾಗೆ ಒಂದು ಸಿಗ್ನಲ್ ಏರುತ್ತದೆ, ಇನ್ನೊಂದು ಇಳಿಯುತ್ತದೆ. ನಮ್ಮದರಲ್ಲಿ ಎರಡನ್ನೂ ಕೂಡಿದರೆ ಯಾವಾಗಲೂ 5 ವೋಲ್ಟ್ ಹತ್ತಿರ ಬರಬೇಕು. ಕಾರಿನಲ್ಲಿ ಎರಡು ಸೆನ್ಸರ್ ಇಡುವುದೇ ಒಂದು ಸುಳ್ಳು ಹೇಳಿದರೆ ಗೊತ್ತಾಗಲಿ ಅಂತ. ನಾನು ಮಾತ್ರ 'ಬೆಂಚ್ ಮೇಲೆ ತಾನೇ, ಒಂದು ಸಾಕು' ಅಂತ ಎರಡನೆಯದನ್ನು ಜೋಡಿಸಲೇ ಇಲ್ಲ.

ಒಂದು ಮಧ್ಯಾಹ್ನ ಬ್ರೆಡ್‌ಬೋರ್ಡ್‌ನಿಂದ 5 ವೋಲ್ಟ್ ಜಂಪರ್ ಕಳಚಿಕೊಂಡಿತು. ಯಾರೂ ಗಮನಿಸಲಿಲ್ಲ. ಸಿಗ್ನಲ್ ಸೊನ್ನೆಗೆ ಇಳಿಯಿತು. ಪ್ರೋಗ್ರಾಂ ಲೆಕ್ಕದಲ್ಲಿ ತಟ್ಟೆ ಮುಚ್ಚಿದೆ, ಹಾಗಾಗಿ ಅದನ್ನು ತೆರೆಯಲು ಮೋಟಾರ್‌ಗೆ ಪೂರ್ತಿ ಕರೆಂಟ್ ಬಿಟ್ಟಿತು. ತಟ್ಟೆ ಟಕ್ ಅಂತ ತೆರೆದು ಕೊನೆಗೆ ಒತ್ತಿಕೊಂಡು ನಿಂತಿತು. ನಮ್ಮ ಮೋಟಾರ್ ರೆಸಿಸ್ಟೆನ್ಸ್ ಸುಮಾರು 2 ಓಮ್. ತಿರುಗದೆ ನಿಂತಾಗ 12 ವೋಲ್ಟ್‌ಗೆ 6 ಆಂಪಿಯರ್ ಲೆಕ್ಕ ಬರುತ್ತದೆ. ಮೋಟಾರ್‌ಗೆ ಕರೆಂಟ್ ಕೊಡುವ ಡ್ರೈವರ್‌ನಲ್ಲಿ ಒಂದಷ್ಟು ವೋಲ್ಟೇಜ್ ಕಳೆದುಹೋದರೂ, ನಮ್ಮ ಡ್ರೈವರ್ ಚಿಪ್ ಎಲ್298 ತಾಳುವುದು ಒಂದು ಚಾನಲ್‌ಗೆ 2 ಆಂಪಿಯರ್ ಅಷ್ಟೇ. ಸುಟ್ಟ ವಾಸನೆ ಬಂತು.

ಏನೋ ಸಿಕ್ಕಿಹಾಕಿಕೊಂಡಿದೆ ಅಂತ ಗೆಳೆಯ ಬೆರಳು ಹಾಕಿ ನೋಡಿದ. ನಾನು ಗಾಬರಿಯಲ್ಲಿ ಸಪ್ಲೈ ಆಫ್ ಮಾಡಿದೆ. ಆಫ್ ಮಾಡಿದರೆ ಸೇಫ್ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಆದರೆ ಒಳಗೆ ಸ್ಪ್ರಿಂಗ್ ಇದೆ. ಕರೆಂಟ್ ಹೋದ ಕೂಡಲೇ ತಟ್ಟೆಯನ್ನು ಹಿಂದಕ್ಕೆ ಎಳೆದು, ಎಂಜಿನ್ ನಿಧಾನಕ್ಕೆ ಓಡುವಷ್ಟು ಸಣ್ಣ ಸಂದು ಮಾತ್ರ ಬಿಡುತ್ತದೆ. ಆ ಸಂದಿನಲ್ಲಿ ಅವನ ತೋರುಬೆರಳಿತ್ತು. ತಟ್ಟೆಯ ಅಂಚು ಉಗುರಿನ ಪಕ್ಕದ ಮಾಂಸವನ್ನು ಸೀಳಿತ್ತು. ತಟ್ಟೆಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಬೆರಳು ಬಿಡಿಸಬೇಕಾಯಿತು.

ಆಮೇಲೆ ಮುಚ್ಚಳ ಬಿಚ್ಚಿದರೆ ಪ್ಲಾಸ್ಟಿಕ್ ಗೇರ್‌ನ ಮೂರು ಹಲ್ಲು ಉದುರಿದ್ದವು. ಗೇರ್ ಬಿಡಿಯಾಗಿ ಸಿಗಲಿಲ್ಲ, ಇನ್ನೊಂದು ಬಾಡಿಯನ್ನೇ ತಂದೆವು.

ಈಗ ಅದರ ಬಾಯಿಗೆ ಎರಡೂ ಕಡೆ ಅಕ್ರಿಲಿಕ್ ಹಾಳೆ ಬಿಗಿದಿದ್ದೇವೆ. ಸೆನ್ಸರ್ ತಂತಿಗಳನ್ನು ಬೆಸುಗೆ ಹಾಕಿದ್ದೇವೆ. ಡ್ರೈವರ್ ದೊಡ್ಡದು, ಮೋಟಾರ್ ತಂತಿಗೆ ಫ್ಯೂಸ್ ಇದೆ. ಎರಡು ಸಿಗ್ನಲ್‌ಗಳ ಮೊತ್ತ ತಪ್ಪಿದರೆ ಮೋಟಾರ್ ಬಂದ್. ನೀವು ಕಟ್ಟಿದ ಮೇಲೂ, ಹಾಳೆ ಬಿಗಿದಿರುವಾಗಲೇ, ಬೇಕೆಂದೇ ಒಮ್ಮೆ 5 ವೋಲ್ಟ್ ತಂತಿ ಬಿಡಿಸಿ. ಮೋಟಾರ್ ತಾನಾಗಿ ನಿಲ್ಲದಿದ್ದರೆ ಆ ಬೆಂಚ್ ಹತ್ತಿರ ಯಾರನ್ನೂ ಬಿಡಬೇಡಿ.