ಡ್ಯುಯಲ್ ಗ್ಯಾಪ್ ಮೋಟಾರ್: ಎರಡು ಕಾಯಿಲ್ ಒಳ್ಳೆಯದಾ, ಒಂದೇ ಸಾಕಾ?

ಒಂದೇ ಅಳತೆಯ ಎರಡು ವೂಫರ್‌ಗಳನ್ನು (ಬಾಸ್ ಸ್ಪೀಕರ್‌ಗಳನ್ನು) ಒಂದೇ ಗಾತ್ರದ ಸೀಲ್ಡ್ ಬಾಕ್ಸ್‌ಗಳಲ್ಲಿ ಕೂರಿಸಿ ಕೇಳಿದೆ. ಸ್ಪೀಕರಿನ ಕೋನನ್ನು ಓಡಾಡಿಸುವ ಮ್ಯಾಗ್ನೆಟ್ ಮತ್ತು ತಂತಿಸುತ್ತಿನ (ಕಾಯಿಲ್) ಜೋಡಿಯೇ ಮೋಟಾರ್, ಕಾಯಿಲ್ ಆಡುವ ಕಾಂತದ ಸಂದೇ ಗ್ಯಾಪ್. ಎರಡರಲ್ಲೂ ಮೋಟಾರಿಗೆ ಎರಡೆರಡು ಗ್ಯಾಪ್. ಆದರೆ ಕೆಲಸ ಮಾಡುವ ರೀತಿ ಪೂರ್ತಿ ಬೇರೆ.

ಮೊದಲನೆಯದು ಜೆಬಿಎಲ್ ಡಿಫರೆನ್ಷಿಯಲ್ ಡ್ರೈವ್ ಜಾತಿಯದು. ಮ್ಯಾಗ್ನೆಟ್‌ನ ಮೇಲೊಂದು, ಕೆಳಗೊಂದು ಗ್ಯಾಪ್. ಎರಡರಲ್ಲೂ ಕಾಂತಕ್ಷೇತ್ರದ ದಿಕ್ಕು ಎದುರುಬದುರು. ಅದಕ್ಕೇ ಎರಡು ಕಾಯಿಲ್‌ಗಳನ್ನು ಉಲ್ಟಾ ಸುತ್ತಿರುತ್ತಾರೆ, ಆಗ ಎರಡೂ ಒಂದೇ ಕಡೆ ತಳ್ಳುತ್ತವೆ. ಎರಡನೆಯದು ಡ್ಯಾನ್ ವಿಗಿನ್ಸ್ ರೂಪಿಸಿದ ಎಕ್ಸ್‌ಬಿಎಲ್ ಸ್ಕ್ವೇರ್ಡ್ ಮಾದರಿ. ಗ್ಯಾಪ್‌ನ ನಡುವೆ ಗ್ರೂವ್ (ತೋಡು) ಕೊರೆದು ಎರಡು ಭಾಗ ಮಾಡಿರುತ್ತಾರೆ, ದಿಕ್ಕು ಒಂದೇ. ಕಾಯಿಲ್ ಕೂಡ ಒಂದೇ, ಅದೂ ಗಿಡ್ಡ. ಅದು ಮೇಲೆ ಸರಿದಾಗ ಕೆಳಗಿನ ಗ್ಯಾಪ್ ಬಿಟ್ಟಷ್ಟು ಸುತ್ತು ಮೇಲಿನ ಗ್ಯಾಪ್ ಸೇರುತ್ತದೆ.

ಒಂದು ಆಂಪಿಯರ್ ಕರೆಂಟಿಗೆ ಮೋಟಾರ್ ಎಷ್ಟು ಬಲವಾಗಿ ತಳ್ಳುತ್ತದೆ ಅನ್ನೋ ಲೆಕ್ಕವೇ ಬಿಎಲ್. ಅದನ್ನು ಅಳೆಯೋಕೆ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಡ್ರೈವರನ್ನು ಅಂಗಾತ ಇಟ್ಟು ಕೋನ್ ಮೇಲೆ 100 ಗ್ರಾಂ ತೂಕ ಇಡಿ. ಅದು ಮೊದಲಿನ ಎತ್ತರಕ್ಕೆ ಬರುವ ತನಕ ಡಿಸಿ ಕರೆಂಟ್ ಏರಿಸಿ. 0.1 ಆಂಪಿಯರ್ ಬೇಕಾದರೆ ಬಿಎಲ್ ಸುಮಾರು 9.8 (ಆಂಪಿಯರಿಗೆ ಇಷ್ಟು ನ್ಯೂಟನ್). ಕೋನನ್ನು ಮೊದಲೇ ಕರೆಂಟ್ ಕೊಟ್ಟು ಆಚೀಚೆ ಸರಿಸಿಯೂ ಹೀಗೇ ನೋಡಬಹುದು. ಗ್ರೂವ್ ಮೋಟಾರಿನಲ್ಲಿ ನಡುವೆ ಸ್ವಲ್ಪ ತಗ್ಗು ಕಂಡಿತು, ಆಮೇಲೆ ಬಹುದೂರ ಸಪಾಟು. ಎರಡು ಕಾಯಿಲಿನದು ನಡುವೆ ಗಟ್ಟಿ, ದೂರ ಹೋದಂತೆ ಬೇಗ ಸೋಲುತ್ತದೆ. ತೀರಾ ಸರಿದರೆ ಒಂದು ಕಾಯಿಲ್ ಎದುರು ಗ್ಯಾಪಿನ ಹತ್ತಿರ ಹೋಗಿ ಉಲ್ಟಾ ಎಳೆಯೋಕೆ ಶುರು ಮಾಡುತ್ತದೆ!

ಬಿಸಿಯ ವಿಷಯದಲ್ಲಿ ಮಾತ್ರ ಎರಡು ಕಾಯಿಲಿನದೇ ಮೇಲುಗೈ. ತಾಮ್ರ 100 ಡಿಗ್ರಿ ಬಿಸಿಯೇರಿದರೆ ರೆಸಿಸ್ಟೆನ್ಸ್ ಸುಮಾರು 39% ಏರುತ್ತದೆ, ಅದರಿಂದ ಸದ್ದೂ ಇಳಿಯುತ್ತದೆ. ಜೋರಾಗಿ ಹಾಡಿಸಿ ತಕ್ಷಣ ಮಲ್ಟಿಮೀಟರ್ ಹಚ್ಚಿದರೆ ಗ್ರೂವ್ ಮೋಟಾರಿನ ಅಂಕಿ ಮೇಲಿನಿಂದ ನಿಧಾನ ಇಳಿಯುತ್ತಾ ಬರೋದು ಕಾಣುತ್ತದೆ. ಇನ್ನೊಂದರಲ್ಲಿ ಆ ಏರಿಕೆಯೇ ಕಡಿಮೆ. ಶಾಖ ಎರಡು ಕಡೆ ಹಂಚಿಹೋಗುತ್ತದಲ್ವಾ?

ಇಂಡಕ್ಟೆನ್ಸ್ (ಮೇಲಿನ ಸ್ವರಗಳಲ್ಲಿ ಕರೆಂಟನ್ನು ತಡೆಯುವ ಕಾಯಿಲಿನ ಗುಣ) ಬಗ್ಗೆ ಸುಮ್ನೆ ಜಗಳ ಬೇಡ. ಒಂದರಲ್ಲಿ ಉಲ್ಟಾ ಸುತ್ತು ಒಂದಷ್ಟು ತಗ್ಗಿಸುತ್ತದೆ, ಇನ್ನೊಂದರಲ್ಲಿ ಕಾಯಿಲೇ ಗಿಡ್ಡ. ಗಂಡಸರ ದನಿ ಎರಡರಲ್ಲೂ ಸ್ಪಷ್ಟವಾಗಿಯೇ ಬಂತು.

ಆಳದ ಬಾಸ್‌ಗೆ ನಾನು ಗ್ರೂವ್ ಮೋಟಾರನ್ನೇ ಇಟ್ಟುಕೊಂಡೆ. ಎರಡು ಕಾಯಿಲಿನದನ್ನು 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ ಮಿಡ್‌ಬಾಸ್‌ಗೆ (ಆಳದ ಬಾಸ್‌ಗಿಂತ ತುಸು ಮೇಲಿನ ಸದ್ದಿಗೆ) ಹಾಕಿದ್ದೇನೆ. ಅಲ್ಲಿ ಕೋನ್ ಜಾಸ್ತಿ ಓಡಾಡೋದಿಲ್ಲ, ಗಂಟೆಗಟ್ಟಲೆ ಜೋರಾಗಿ ಹಾಡಿದರೂ ಸುಸ್ತಾಗೋದಿಲ್ಲ. ಗ್ರೂವ್ ಮೋಟಾರ್ ಕೊಳ್ಳುವವರು ಬಿಎಲ್ ಗ್ರಾಫ್ ಕೇಳಿ ಪಡೆಯಿರಿ. ಕಾಯಿಲ್ ನಡುವಿನಿಂದ ಸ್ವಲ್ಪ ಜರುಗಿ ಕೂತಿದ್ದರೂ ಆ ಸಪಾಟು ಗೆರೆ ಒಂದು ಕಡೆ ವಾಲುತ್ತದೆ.