ಪುಟ್ಟ ಮಗುವಿನ ಕೈಗೆ ವಿಡಿಯೋ ಪ್ಲೇಯರ್: ಏನು ಉಳಿಯಿತು, ಏನು ಕಿತ್ತುಹೋಯಿತು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಎರಡು–ಮೂರು ವರ್ಷದ ಮಗುವಿಗೆ ಅಂತ ಪೋರ್ಟಬಲ್ ವಿಡಿಯೋ ಪ್ಲೇಯರ್ ಹುಡುಕುತ್ತಿದ್ದರೆ, ಬಿದ್ದರೆ ಒಡೆಯುತ್ತದಾ ಅನ್ನುವ ಪ್ರಶ್ನೆ ಆಮೇಲೆ ಕೇಳಿ. ತೆರೆಯುವ ಮುಚ್ಚಳ ಎಷ್ಟಿದೆ, ತಿರುಗುವ ಕೀಲು ಎಷ್ಟಿದೆ, ಪುಟ್ಟ ಬೆರಳು ತೂರುವ ಸಂದು ಎಷ್ಟಿದೆ ಅಂತ ಮೊದಲು ಎಣಿಸಿ. ನಮ್ಮ ಮನೆಯ ಪ್ಲೇಯರ್ ಸೋಫಾದಿಂದ ಬಿದ್ದಿದೆ, ಮೆಟ್ಟಿಲ ಮೇಲೆ ಉರುಳಿದೆ, ಮಗಳು ಅದರ ಮೇಲೆ ಆರಾಮಾಗಿ ಕೂತೂ ಇದ್ದಾಳೆ. ಇದ್ಯಾವುದಕ್ಕೂ ಅದು ಜಗ್ಗಲಿಲ್ಲ. ಕೆಟ್ಟಿದ್ದೆಲ್ಲ ಅಲುಗಾಡುವ ಜಾಗಗಳಲ್ಲೇ.

ನಮ್ಮದು ಒಂಬತ್ತು ಇಂಚಿನ ಡಿವಿಡಿ ಪ್ಲೇಯರ್. ಲ್ಯಾಪ್‌ಟಾಪ್ ಥರ ತೆರೆಯಬೇಕು, ಸ್ಕ್ರೀನನ್ನು ಪೂರ್ತಿ ತಿರುಗಿಸಿ ಮಲಗಿಸಲೂಬಹುದು. ಕಂಪನಿ ಹೆಸರು ಬೇಡ ಬಿಡಿ. ಒಂದೇ ಅಚ್ಚಿನ ಪ್ಲೇಯರ್ ಹತ್ತಾರು ಸ್ಟಿಕ್ಕರ್‌ಗಳ ಕೆಳಗೆ ಮಾರಾಟವಾಗುವ ಸಾಮಾನು ಇದು, ಹೆಸರು ಹಿಡಿದು ಹೋದರೂ ಉಪಯೋಗ ಕಡಿಮೆ. ಮಗಳಿಗೆ ಎರಡು ತುಂಬಿದ ಮೇಲೆ ಬಂತು, ಅವಳು ಶಾಲೆಗೆ ಸೇರುವ ತನಕ ಹೇಗೋ ನಡೆಯಿತು. ಆಮೇಲೆ ದಪ್ಪ ಫೋಮ್ ಕವರ್ ಹಾಕಿದ ಟ್ಯಾಬ್ಲೆಟ್ ಬಂತು. ಅದು ಈಗ ಅವಳ ತಮ್ಮನ ಪಾಲು.

ಮೊದಲು ಕೈಕೊಟ್ಟದ್ದು ಸ್ಕ್ರೀನಿನ ಕೀಲು. ಅಂಗಡಿಯಲ್ಲಿ ಇದನ್ನೇ ದೊಡ್ಡ ಸೌಲಭ್ಯ ಅಂತ ತೋರಿಸುತ್ತಾರೆ: ನೋಡಿ, ಹೇಗೆ ಬೇಕಾದರೂ ತಿರುಗುತ್ತದೆ! ಮಗುವಿಗೂ ಅದೇ ಖುಷಿ. ವಿಡಿಯೋಗಿಂತ ತಿರುಗಿಸುವ ಆಟವೇ ಜಾಸ್ತಿ. ಒಂದು ಹಂತದಲ್ಲಿ ಸ್ಕ್ರೀನ್ ನೆಟ್ಟಗೆ ನಿಂತರೆ ಚಿತ್ರ ಬರುತ್ತಿತ್ತು, ಸ್ವಲ್ಪ ಹಿಂದಕ್ಕೆ ಬಾಗಿದರೆ ಪೂರ್ತಿ ಬಿಳಿ. ಹಾಡು ಮಾತ್ರ ನಿಲ್ಲದೆ ನಡೆಯುತ್ತಿತ್ತು. ರಿಪೇರಿಯವರು ಬಿಚ್ಚಿ ತೋರಿಸಿದರು. ಕೀಲಿನ ಒಳಗೆ ಪಟ್ಟಿಯಂಥ ತೆಳು ಕೇಬಲ್ ಇರುತ್ತದೆ, ಸ್ಕ್ರೀನಿಗೆ ಚಿತ್ರ ಹೋಗುವುದು ಅದರಲ್ಲೇ. ಪ್ರತಿ ಸಲ ತಿರುಗಿಸಿದಾಗಲೂ ಅದು ಒಂದೇ ಕಡೆ ಮಡಚಿಕೊಳ್ಳುತ್ತದೆ. ಆ ಮಡಿಕೆಯಲ್ಲೇ ಗೆರೆ ಸವೆದುಹೋಗಿತ್ತು. ಕೇಬಲ್ ಬದಲಾಯಿಸಿದ ಮೇಲೆ ನಾವು ಮಾಡಿದ್ದು ಇಷ್ಟೇ: ನೋಡಲು ಸರಿಯಾದ ಕೋನದಲ್ಲಿ ಸ್ಕ್ರೀನ್ ನಿಲ್ಲಿಸಿ, ಕೀಲಿನ ಸುತ್ತ ಅಗಲವಾದ ಟೇಪ್ ಬಿಗಿದೆವು. ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಕೀಲಿನ ತಂಟೆ ಮತ್ತೆ ಬರಲಿಲ್ಲ.

ಇನ್ನು ಡಿಸ್ಕ್ ಮುಚ್ಚಳ. 'ಓಪನ್' ಬಟನ್ ಸರಿಯಾಗಿ ಮಗುವಿನ ಹೆಬ್ಬೆರಳು ಸಿಗುವ ಜಾಗದಲ್ಲೇ ಇರುತ್ತದೆ. ಒತ್ತಿದರೆ ಟಪ್ ಅಂತ ಮುಚ್ಚಳ ಏಳುತ್ತದೆ, ಡಿಸ್ಕ್ ಇನ್ನೂ ತಿರುಗುತ್ತಾ ಇರುತ್ತದೆ. ಅದಕ್ಕಿಂತ ಮಜಾ ಬೇಕಾ? ಒಳಗಿನ ಲೆನ್ಸ್ ಕಾಳಿನಷ್ಟು ಚಿಕ್ಕದು, ಹೊಳೆಯುತ್ತದೆ, ಮುಟ್ಟಬೇಕು ಅನ್ನಿಸುವ ಹಾಗೇ ಇದೆ. ಎಣ್ಣೆ ಬೆರಳಿನ ಒಂದು ಗುರುತು ಬಿದ್ದರೆ ಸಾಕು, ಒಳಗೆ ಡಿಸ್ಕ್ ಇದ್ದರೂ 'ಡಿಸ್ಕ್ ಇಲ್ಲ' ಅಂತ ತೋರಿಸುತ್ತದೆ. ಕ್ಯಾಮೆರಾ ಲೆನ್ಸಿಗೆ ಬಳಸುವ ಗಾಳಿ ಬುರುಡೆಯಿಂದ ಧೂಳು ಊದಿ, ಮೆತ್ತಗಿನ ಬಟ್ಟೆಯ ತುದಿಯಿಂದ ಒತ್ತದೆ ಒರೆಸಬೇಕು. ಆ ಲೆನ್ಸ್ ನಿಂತಿರುವುದು ಸಣ್ಣ ತಂತಿಗಳ ಮೇಲೆ. ಒತ್ತಿದರೆ ಮುಗಿಯಿತು.

ಡಿಸ್ಕುಗಳ ಪಾಡು ಕೇಳಬೇಡಿ. ಡಿವಿಡಿ ಅಂದರೆ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ತಟ್ಟೆ ಅಂಟಿಸಿದ ಸಾಮಾನು. ಚಿತ್ರವೆಲ್ಲ ಇರುವುದು ಆ ಎರಡರ ನಡುವೆ. ಹಾಗಾಗಿ ಕೆಳಗಿನ ಮೈಯ ಸಣ್ಣ ಗೀರನ್ನು ಪಾಲಿಶ್ ಮಾಡಿ ಉಳಿಸಿಕೊಳ್ಳಬಹುದು. ಸುತ್ತು ಸುತ್ತಾಗಿ ಬಿದ್ದ ಗೀರು ಮಾತ್ರ ಕಷ್ಟ, ಏಕೆಂದರೆ ಮಾಹಿತಿಯೂ ಅದೇ ಸುತ್ತಿನಲ್ಲಿ ಇರುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಅನ್ನುವುದು ಇದಕ್ಕೇ. ಮಗು ಡಿಸ್ಕನ್ನು ನೆಲದ ಮೇಲೆ ಇಟ್ಟು ಗಿರಗಿರ ತಿರುಗಿಸಿದರೆ ಬೀಳುವುದು ಯಾವ ಥರದ ಗೀರು ಅಂತ ನಿಮಗೇ ಗೊತ್ತಾಗುತ್ತದೆ.

ಈ ಪ್ಲೇಯರಿನ ಎರಡನೇ ಜನ್ಮ ಶುರುವಾದದ್ದು ಪಕ್ಕದ ಮೆಮೊರಿ ಕಾರ್ಡ್ ಕಿಂಡಿಯಿಂದ. ಇಂಥ ಪ್ಲೇಯರುಗಳಲ್ಲಿ ಬಹಳಷ್ಟಕ್ಕೆ ಕಾರ್ಡ್ ಅಥವಾ ಪೆನ್ ಡ್ರೈವ್ ಹಾಕಬಹುದು. ಡಿಸ್ಕ್ ಮುಚ್ಚಳವನ್ನು ಟೇಪ್ ಹಚ್ಚಿ ಮುಚ್ಚಿದೆವು, ಕಾರ್ಡ್ ಒಳಗೆ ತಳ್ಳಿ ಅದರ ಮೇಲೂ ಒಂದು ತುಂಡು ಟೇಪ್. ಡಿಸ್ಕ್ ತಿರುಗಿಸುವ ಮೋಟರಿಗೆ ಕೆಲಸ ಇಲ್ಲದ್ದರಿಂದ ಬ್ಯಾಟರಿಯೂ ಜಾಸ್ತಿ ಹೊತ್ತು ಬಂತು, ಗಾಡಿಯ ಕುಲುಕಾಟಕ್ಕೆ ಚಿತ್ರ ತಡವರಿಸುವುದೂ ತಪ್ಪಿತು. ನಿಜ ಹೇಳಬೇಕೆಂದರೆ ಡಿವಿಡಿ ಪ್ಲೇಯರಿಗೆ ಒಳ್ಳೆಯ ಕಾಲ ಬಂದದ್ದೇ ಡಿವಿಡಿ ಹಾಕುವುದು ಬಿಟ್ಟ ಮೇಲೆ.

ಇಲ್ಲೂ ಒಂದು ತಕರಾರಿದೆ. ಫೋನಿನಲ್ಲಿ ತೆಗೆದ ವಿಡಿಯೋವನ್ನು ಹಾಗೇ ಕಾರ್ಡಿಗೆ ಹಾಕಿದರೆ ನಮ್ಮ ಪ್ಲೇಯರ್ ಗುರುತಿಸಲಿಲ್ಲ. ಅದಕ್ಕೆ ಬೇಕಾದದ್ದು ಎವಿಐ ಅನ್ನುವ ಹಳೇ ಥರದ ವಿಡಿಯೋ ಫೈಲ್, ಅದರಲ್ಲೂ ಚಿತ್ರದ ಅಳತೆ 720 ಗುಣಿಸು 576 ಪಿಕ್ಸೆಲ್‌ಗಿಂತ ದೊಡ್ಡದಾಗಿರಬಾರದು. ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಕನ್ವರ್ಟರ್ ಹಾಕಿ ಬದಲಾಯಿಸಬೇಕಾಯಿತು. ಕಾರ್ಡು ಫ್ಯಾಟ್32 ಅನ್ನುವ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಫೈಲ್ ಹೆಸರನ್ನು 01, 02 ಅಂತ ಶುರು ಮಾಡಿ. ಪಟ್ಟಿಯಲ್ಲಿ ಕನ್ನಡ ಅಕ್ಷರ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ ಫೈಲ್ ಯಾವುದು ಅಂದರೆ, ಅಜ್ಜಿ ಕಥೆ ಹೇಳುವಾಗ ಫೋನಿನಲ್ಲಿ ತೆಗೆದದ್ದು. ನಡುವೆ ಅಜ್ಜಿ ಕೆಮ್ಮುವ ಜಾಗವೂ ಮಗಳಿಗೆ ಬಾಯಿಪಾಠ.

ಚಾರ್ಜರ್ ಪಿನ್ನಿನ ವಿಷಯ ಬೇಗ ಮುಗಿಸುತ್ತೇನೆ. ಚಾರ್ಜಿಗೆ ಹಾಕಿದಾಗ ಮಗುವಿನ ಕೈಗೆ ಕೊಡಬೇಡಿ. ಎಳೆದಾಟಕ್ಕೆ ಒಳಗಿನ ಬೆಸುಗೆ ಬಿಡುತ್ತದೆ. ಇನ್ನೊಂದು, 9 ವೋಲ್ಟಿನ ಪ್ಲೇಯರೂ ಇದೆ, 12 ವೋಲ್ಟಿನದೂ ಇದೆ, ಎರಡರ ಪಿನ್ನೂ ನೋಡಲು ಒಂದೇ ಥರ ಇರಬಹುದು. ಬೇರೆ ಚಾರ್ಜರ್ ಚುಚ್ಚುವ ಮುಂಚೆ ಹಿಂಬದಿಯ ಅಂಕಿ ಓದಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಬ್ಯಾಟರಿಯ ಆಯಸ್ಸು ಬೇಗ ಇಳಿಯುತ್ತದೆ. ಮೈ ಎಲ್ಲಾದರೂ ಉಬ್ಬಿದಂತೆ ಕಂಡರೆ ಮತ್ತೆ ಚಾರ್ಜ್ ಮಾಡಲೇಬಾರದು.

ರಿಮೋಟ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಇಂಥ ಪ್ಲೇಯರಿನ ಜೊತೆ ಕಾರ್ಡಿನಂಥ ತೆಳು ರಿಮೋಟ್ ಬರುತ್ತದೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಸಿಆರ್2025 ಅನ್ನುವ ನಾಣ್ಯದಂಥ ಸೆಲ್, 20 ಮಿಲಿಮೀಟರ್ ಅಗಲ, 3 ವೋಲ್ಟ್. ನಮ್ಮ ರಿಮೋಟಿನಲ್ಲಿ ಸೆಲ್ ಇಡುವ ತಟ್ಟೆಗೆ ಸ್ಕ್ರೂ ಇರಲಿಲ್ಲ, ಉಗುರು ಹಾಕಿ ಎಳೆದರೆ ಹೊರಗೆ ಬರುತ್ತಿತ್ತು. ಮಗು ಇದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಮೈಗೆ ತಾಗಿ ಕರೆಂಟ್ ಹರಿಯುತ್ತದೆ, ಸುತ್ತಲೂ ಕ್ಷಾರ ಹುಟ್ಟುತ್ತದೆ, ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಖಾಲಿಯಾಯಿತು ಅಂತ ಬಿಸಾಡಿದ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ನಾವು ಡಬ್ಬಿ ಬಿಚ್ಚಿದ ದಿನವೇ ಸೆಲ್ ತೆಗೆದು ಮಗುವಿಗೆ ಎಟುಕದ ಕಡೆ ಇಟ್ಟೆವು. ರಿಮೋಟ್ ಇಲ್ಲದೆ ಏನೂ ನಿಲ್ಲಲಿಲ್ಲ.

ಹೆಡ್‌ಫೋನ್ ಕೊಳ್ಳುವಾಗ 'ಮಕ್ಕಳಿಗೆ ಸುರಕ್ಷಿತ, 85 ಡೆಸಿಬಲ್' ಅಂತ ಬರೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಲೆಕ್ಕ ವಾರಕ್ಕೆ 40 ಗಂಟೆ, 75 ಡೆಸಿಬಲ್. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಅಲ್ವಾ? ಅಂದರೆ 85ರಲ್ಲಿ ಅದೇ ಲೆಕ್ಕ ವಾರಕ್ಕೆ 4 ಗಂಟೆಗೆ ಮುಗಿಯುತ್ತದೆ. ಜೊತೆಗೆ ಕುತ್ತಿಗೆಗೆ ಸುತ್ತಿಕೊಳ್ಳುವ ವೈರು ಬೇರೆ. ನಾವು ಸ್ಪೀಕರನ್ನೇ ಕಡಿಮೆ ಸದ್ದಿನಲ್ಲಿ ಇಟ್ಟುಕೊಂಡೆವು. ನೋಡುವ ಹೊತ್ತಿನ ಬಗ್ಗೆ ಅದೇ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಪ್ರಯಾಣದ ದಿನ ಈ ಲೆಕ್ಕ ನಮ್ಮಲ್ಲಿ ಸ್ವಲ್ಪ ಸಡಿಲ.

ಈಗ ಟ್ಯಾಬ್ಲೆಟ್. ಗಟ್ಟಿತನದಲ್ಲಿ ಇದರ ಮುಂದೆ ಪ್ಲೇಯರ್ ನಿಲ್ಲುವುದಿಲ್ಲ. ಕೀಲಿಲ್ಲ, ಮುಚ್ಚಳ ಇಲ್ಲ, ಲೆನ್ಸ್ ಮುಟ್ಟಲು ಸಿಗುವುದಿಲ್ಲ. ಕವರಿನ ಅಂಚು ಸ್ಕ್ರೀನಿಗಿಂತ ಎತ್ತರ ಇರಬೇಕು, ಮಕಾಡೆ ಬಿದ್ದಾಗ ಗಾಜು ನೆಲಕ್ಕೆ ತಾಗಬಾರದು. ಕವರ್ ಆರಿಸುವಾಗ ನಾನು ನೋಡುವುದು ಅದೊಂದನ್ನೇ. ಅಲುಗಾಡುವ ಜಾಗ ಅಂದರೆ ಚಾರ್ಜರ್ ಕಿಂಡಿ ಮಾತ್ರ, ಅಲ್ಲಿ ಬಿಸ್ಕತ್ತಿನ ಪುಡಿ ಸೇರುತ್ತದೆ. ಟ್ಯಾಬ್ಲೆಟ್ ಆಫ್ ಮಾಡಿ, ಒಣ ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯುತ್ತೇವೆ.

ಆದರೆ ಹಳೇ ಪ್ಲೇಯರಿನ ದಡ್ಡತನ ಇದಕ್ಕಿಲ್ಲ, ಆ ದಡ್ಡತನವೇ ದೊಡ್ಡ ಗುಣವಾಗಿತ್ತು. ಅದರಲ್ಲಿ ಜಾಹೀರಾತಿಲ್ಲ, ಅಪ್‌ಡೇಟ್ ಇಲ್ಲ, ಮುಂದಿನದು ತಾನಾಗಿ ಶುರುವಾಗುವುದಿಲ್ಲ. ಕಥೆ ಮುಗಿದರೆ ಮುಗಿಯಿತು, ಸ್ಕ್ರೀನ್ ಸುಮ್ನೆ ನೀಲಿ. ಮಗಳು ಎದ್ದು ಆಟಕ್ಕೆ ಹೋಗುತ್ತಿದ್ದಳು. ಮಗ ಟ್ಯಾಬ್ಲೆಟ್ಟಿನಲ್ಲಿ ಅರ್ಧ ನೋಡಿ ಬೆರಳು ಸರಿಸಿ ಇನ್ನೊಂದಕ್ಕೆ ಹಾರುತ್ತಾನೆ, ಯಾವುದೂ ಮುಗಿಯುವುದಿಲ್ಲ. ಹಾಗಾಗಿ ವೈಫೈ ಬಂದ್ ಮಾಡಿ, ಆಯ್ದ ಫೈಲುಗಳನ್ನಷ್ಟೇ ಇಟ್ಟು, ಒಂದೇ ಆ್ಯಪ್‌ಗೆ ಬೀಗ ಹಾಕಿ ಕೊಡುತ್ತೇವೆ. ಐಪ್ಯಾಡಿನಲ್ಲಿ ಇದಕ್ಕೆ ಗೈಡೆಡ್ ಆಕ್ಸೆಸ್ ಅನ್ನುತ್ತಾರೆ, ಅದರಲ್ಲಿ ಸ್ಕ್ರೀನ್ ಮುಟ್ಟಿದರೂ ಏನೂ ಆಗದ ಹಾಗೆ ಮಾಡಬಹುದು. ಆಂಡ್ರಾಯ್ಡಿನಲ್ಲಿ ಆ್ಯಪ್ ಪಿನ್ ಮಾಡುವುದಿದೆ, ಅದು ಹೊರಗೆ ಹೋಗುವುದನ್ನು ತಡೆಯುತ್ತದೆ ಅಷ್ಟೇ, ಆ್ಯಪ್ ಒಳಗಿನ ಹಾರಾಟ ನಿಲ್ಲುವುದಿಲ್ಲ.

ಹೊಸದಾಗಿ ಕೊಳ್ಳುವವರು ಟ್ಯಾಬ್ಲೆಟ್ಟನ್ನೇ ತೆಗೆದುಕೊಂಡು ಹೀಗೆ ದಡ್ಡ ಮಾಡಿ ಕೊಡಿ ಅನ್ನುತ್ತೇನೆ. ಯಾರೋ ಬಳಸಿದ ಡಿವಿಡಿ ಪ್ಲೇಯರ್ ಅಗ್ಗಕ್ಕೆ ಸಿಕ್ಕರೆ ಅದೂ ಕೆಟ್ಟದ್ದಲ್ಲ, ಕಾರ್ಡ್ ಕಿಂಡಿ ಇದ್ದರೆ ಮಾತ್ರ. ನಿಮ್ಮದೇ ಫೈಲ್ ಹಾಕಿದ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಹೋಗಿ ಓಡಿಸಿ ನೋಡಿ. ಓಡುತ್ತಿರುವಾಗಲೇ ಸ್ಕ್ರೀನನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಿ, ಚಾರ್ಜರ್ ಪಿನ್ನನ್ನು ಸ್ವಲ್ಪ ಅಲ್ಲಾಡಿಸಿ. ಚಿತ್ರ ಒಮ್ಮೆ ಮಿಣಕ್ ಅಂದರೂ ಬೇಡ, ಬಿಟ್ಟು ಬನ್ನಿ.