ತಂಪು ಪಾನೀಯಕ್ಕೆ ನಾಲ್ಕು ಸ್ಟಾರ್, ಕ್ಯಾಂಡಿಗೆ ಎರಡೇ

ನಮ್ಮದು ತಂಪು ಪಾನೀಯ ಮತ್ತು ಜೆಲ್ಲಿ ಕ್ಯಾಂಡಿ ಮಾಡುವ ಸಣ್ಣ ಘಟಕ. ಪ್ರಿಸರ್ವೇಟಿವ್, ಸಿಹಿಕಾರಕ, ಬಣ್ಣ ಎಷ್ಟಿದೆ ಅಂತ ನೋಡಿಸಲು ಹೊರಗಿನ ಒಂದು ಟೆಸ್ಟಿಂಗ್ ಲ್ಯಾಬ್‌ಗೆ ಸ್ಯಾಂಪಲ್ ಕಳಿಸುತ್ತೇವೆ. ಲ್ಯಾಬ್ ಹೆಸರು ಬೇಡ. ಇಂಥ ಕಡೆ ದುಡ್ಡು ಕೊಡುವ ಮುಂಚೆ ಏನೇನು ಕೇಳಬೇಕು ಅನ್ನುವುದು ಬೇರೆಯವರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಪಾನೀಯದ ವಿಷಯದಲ್ಲಿ ಇವರ ಕೆಲಸ ಅಚ್ಚುಕಟ್ಟು. ಅಲ್ಟ್ರಾಸಾನಿಕ್ ಬಾತ್‌ನಲ್ಲಿಟ್ಟು ಗ್ಯಾಸ್ ಪೂರ್ತಿ ತೆಗೆಯುತ್ತಾರೆ. ಗುಳ್ಳೆ ಉಳಿದರೆ ಪಿಪೆಟ್‌ನಲ್ಲಿ ತೆಗೆದ ಅಳತೆಯೇ ತಪ್ಪುತ್ತದೆ, ಆಮೇಲೆ ಮೆಷಿನ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ನಂತರ ತೆಳು ಮಾಡಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಸಿ18 ಕಾಲಂ (ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಇರುವ ಎಚ್‌ಪಿಎಲ್‌ಸಿಗೆ, ಅಂದರೆ ದ್ರಾವಣದಲ್ಲಿರುವ ವಸ್ತುಗಳನ್ನು ಬೇರೆ ಮಾಡಿ ಅಳೆಯುವ ಮೆಷಿನ್‌ಗೆ, ಹಾಕುತ್ತಾರೆ. ಅಸಿಸಲ್ಫೇಮ್-ಕೆ, ಸ್ಯಾಕರಿನ್, ಕೆಫೀನ್, ಆಸ್ಪರ್ಟೇಮ್, ಪ್ರಿಸರ್ವೇಟಿವ್‌ಗಳಾದ ಬೆಂಜೋಯೇಟ್, ಸೋರ್ಬೇಟ್ ಎಲ್ಲಾ ಒಂದೇ ರನ್‌ನಲ್ಲಿ ಸಿಗುತ್ತವೆ. ಒಂದೇ ಸಲ ಹಲವು ತರಂಗಾಂತರಗಳಲ್ಲಿ ಯುವಿ ಬೆಳಕಿನ ಹೀರಿಕೆ ನೋಡುವ ಡಯೋಡ್ ಅರೇ ಡಿಟೆಕ್ಟರ್ ಇರುವುದರಿಂದ ಬೆಂಜೋಯೇಟನ್ನು 230 ನ್ಯಾನೊಮೀಟರ್ ಆಸುಪಾಸಿನಲ್ಲಿ, ಸೋರ್ಬೇಟನ್ನು 260ರ ಹತ್ತಿರ, ಕೆಫೀನನ್ನು 273ರಲ್ಲಿ ನೋಡುತ್ತಾರೆ. ರಿಪೋರ್ಟ್ ಜೊತೆ ಕ್ರೊಮ್ಯಾಟೊಗ್ರಾಮ್ (ಪ್ರತಿ ವಸ್ತುವೂ ಒಂದೊಂದು ಪೀಕ್ ಆಗಿ ಕಾಣುವ ಗ್ರಾಫ್) ಕೂಡ ಕೊಟ್ಟರು, ಕೇಳದೆಯೇ! ಇದು ನನಗೆ ತುಂಬಾ ಹಿಡಿಸಿತು. ಬೆಂಜೋಯಿಕ್ ಆಮ್ಲದ ಪಿಕೆಎ (ಆಮ್ಲದ ಅರ್ಧಭಾಗ ಅಯಾನಾಗುವ ಪಿಎಚ್) 4.2, ಸೋರ್ಬಿಕ್‌ನದು 4.76. ಕಾಲಂನಲ್ಲಿ ಹರಿಸುವ ಬಫರ್ ದ್ರಾವಣದ ಪಿಎಚ್ ಇವುಗಳ ಹತ್ತಿರ ಇದ್ದು ಸ್ವಲ್ಪ ಆಚೀಚೆ ಆದರೂ ಪೀಕ್‌ಗಳು ಜಾಗ ಬದಲಿಸುತ್ತವೆ, ಒಂದರ ಮೇಲೊಂದು ಕೂತರೂ ಕೂತವು. ಹಾಗಾಗಿಲ್ಲ ಅಂತ ಕಣ್ಣಾರೆ ನೋಡಿದರೆ ಸಮಾಧಾನ ಅಲ್ವಾ?

ಒಂದು ಸ್ಟಾರ್ ಹೋಗಿದ್ದು ಸುಕ್ರಲೋಸ್ ಅನ್ನುವ ಸಿಹಿಕಾರಕದಿಂದ. ರಿಪೋರ್ಟ್‌ನಲ್ಲಿ 'ಪತ್ತೆಯಾಗಿಲ್ಲ' ಅಂತ ಬಂತು. ನಾವೇ ತೂಗಿ ಹಾಕಿದ್ದು ಪತ್ತೆಯಾಗದೆ ಎಲ್ಲಿಗೆ ಹೋಗುತ್ತದೆ? ಸುಕ್ರಲೋಸ್ ಮತ್ತು ಇನ್ನೊಂದು ಸಿಹಿಕಾರಕ ಸೈಕ್ಲಮೇಟ್ ಯುವಿ ಬೆಳಕನ್ನು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಆ ಡಿಟೆಕ್ಟರ್‌ಗೆ ಅವು ಕಾಣುವುದಿಲ್ಲ. ಇವಕ್ಕೆ ರಿಫ್ರ್ಯಾಕ್ಟಿವ್ ಇಂಡೆಕ್ಸ್ ಡಿಟೆಕ್ಟರ್, ಇಎಲ್‌ಎಸ್‌ಡಿ (ದ್ರಾವಕ ಆವಿಯಾದ ಮೇಲೆ ಉಳಿದ ಕಣಗಳು ಚದುರಿಸುವ ಬೆಳಕನ್ನು ಅಳೆಯುವ ಡಿಟೆಕ್ಟರ್) ಅಥವಾ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಒಂಬತ್ತು ಸಿಹಿಕಾರಕಗಳನ್ನು ಒಟ್ಟಿಗೆ ಅಳೆಯುವ ಇಎನ್ 15911 ಅನ್ನುವ ಯುರೋಪಿಯನ್ ವಿಧಾನವೂ ಇಎಲ್‌ಎಸ್‌ಡಿಯನ್ನೇ ಬಳಸುತ್ತದೆ. ಫೋನ್ ಮಾಡಿ ಕೇಳಿದರೆ ಇಎಲ್‌ಎಸ್‌ಡಿ ಲ್ಯಾಬ್‌ನಲ್ಲೇ ಇದೆಯಂತೆ, ನಾವು 'ಕೇಳಲಿಲ್ಲವಂತೆ'. ಸರಿ ಬಿಡಿ.

ಇನ್ನೊಂದು ಸಣ್ಣ ಕಿರಿಕಿರಿ. ಬೆಂಜೋಯೇಟ್ ಸಂಖ್ಯೆ ನಾವು ಹಾಕಿದ್ದಕ್ಕಿಂತ ಸುಮಾರು 15% ಕಡಿಮೆ ಬಂದು ಪ್ರೊಡಕ್ಷನ್‌ನವರು ಗಾಬರಿಯಾದರು. ನೋಡಿದರೆ ಲ್ಯಾಬ್‌ನವರು ಬೆಂಜೋಯಿಕ್ ಆಮ್ಲದ ಲೆಕ್ಕ ಕೊಟ್ಟಿದ್ದಾರೆ, ನಾವು ತೂಗಿದ್ದು ಸೋಡಿಯಂ ಬೆಂಜೋಯೇಟ್. 144 ಗ್ರಾಂ ಬೆಂಜೋಯೇಟ್ ಅಂದರೆ 122 ಗ್ರಾಂ ಆಮ್ಲ, ಅಷ್ಟೇ ವ್ಯತ್ಯಾಸ. ಆಮ್ಲವಾಗಿ ಲೆಕ್ಕ ಕೊಡುವುದು ತಪ್ಪೇನಲ್ಲ, ಮಾಮೂಲಿಯೇ. ಆದರೆ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆಯಬಹುದಿತ್ತು.

ಕ್ಯಾಂಡಿ ವಿಷಯಕ್ಕೆ ಬಂದರೆ ನಿಜಕ್ಕೂ ಬೇಸರ. ಕಿತ್ತಳೆ ಬಣ್ಣದ ಜೆಲ್ಲಿಯಲ್ಲಿ ಟಾರ್ಟ್ರಾಜಿನ್ ಮತ್ತು ಸನ್‌ಸೆಟ್ ಯೆಲ್ಲೋ ಅನ್ನುವ ಎರಡೂ ಕೃತಕ ಬಣ್ಣಗಳಿವೆ. ಇವರು ಬಿಸಿನೀರಲ್ಲಿ ಕರಗಿಸಿ, ಸೋಸಿ, ಸುಮ್ನೆ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ಬೆಳಕು ಎಷ್ಟು ಹೀರಿತು ಅಂತ ಅಳೆಯುವ ಸಾಧನ) ಓದಿಬಿಟ್ಟರು. ಟಾರ್ಟ್ರಾಜಿನ್ ಅತಿ ಹೆಚ್ಚು ಬೆಳಕು ಹೀರುವುದು 427 ನ್ಯಾನೊಮೀಟರ್ ಹತ್ತಿರ, ಇನ್ನೊಂದು 480 ದಾಟಿ, ಮಧ್ಯದಲ್ಲಿ ಎರಡೂ ಕಲಸಿಹೋಗುತ್ತವೆ. ಮೇಲಾಗಿ ಜೆಲಾಟಿನ್ ಬಣ್ಣವನ್ನು ಸುಲಭಕ್ಕೆ ಬಿಡುವುದಿಲ್ಲ. ಆಮ್ಲದಲ್ಲಿ ಪಾಲಿಅಮೈಡ್ (ನೈಲಾನ್ ಜಾತಿಯ ವಸ್ತು) ಕಾಲಂಗೆ ಬಣ್ಣ ಹಿಡಿಸಿ, ಸಕ್ಕರೆ, ಜೆಲಾಟಿನ್ ಎಲ್ಲಾ ತೊಳೆದು, ಅಮೋನಿಯಾ ಬೆರೆಸಿದ ಆಲ್ಕೋಹಾಲ್‌ನಲ್ಲಿ ಬಿಡಿಸಿಕೊಂಡು, ಆಮೇಲೆ ಎಚ್‌ಪಿಎಲ್‌ಸಿಗೆ ಹಾಕಬೇಕಿತ್ತು. ಹಳೇ ಕಾಲದ ಉಣ್ಣೆ ದಾರದ ವಿಧಾನವೂ ಇದೇ ತತ್ವ. ಬಂದ ಸಂಖ್ಯೆ ನಾವು ಹಾಕಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ರಿಕವರಿ ನೋಡಿದ್ದೀರಾ, ಅಂದರೆ ಗೊತ್ತಿರುವಷ್ಟು ಬಣ್ಣ ಸೇರಿಸಿ ಎಷ್ಟು ವಾಪಸ್ ಬಂತು ಅಂತ ನೋಡಿದ್ದೀರಾ ಅಂತ ಕೇಳಿದರೆ ಉತ್ತರವೇ ಇಲ್ಲ.

ಗೋಡೆ ಮೇಲೆ ಟೆಸ್ಟಿಂಗ್ ಲ್ಯಾಬ್‌ಗಳಿಗೆ ಕೊಡುವ ಐಎಸ್ಒ/ಐಇಸಿ 17025 ಮಾನ್ಯತೆಯ ಸರ್ಟಿಫಿಕೇಟ್ ಇದೆ, ಸುಳ್ಳಲ್ಲ. ಆದರೆ ಆ ಮಾನ್ಯತೆ ಇಡೀ ಲ್ಯಾಬ್‌ಗಲ್ಲ, ಅದರ ವ್ಯಾಪ್ತಿಯ ಪಟ್ಟಿಯಲ್ಲಿರುವ ಪರೀಕ್ಷೆಗಳಿಗೆ ಮಾತ್ರ. ಪಟ್ಟಿ ತರಿಸಿ ಓದಿದೆ. ಪಾನೀಯದ ಪ್ರಿಸರ್ವೇಟಿವ್ ಇತ್ತು, ಕ್ಯಾಂಡಿಯ ಬಣ್ಣ ಇರಲಿಲ್ಲ.

ಪಾನೀಯಗಳನ್ನು ಇವರಿಗೇ ಕಳಿಸುತ್ತೇವೆ, ಸುಕ್ರಲೋಸ್‌ಗೆ ಇಎಲ್‌ಎಸ್‌ಡಿ ಅಂತ ಫಾರ್ಮ್‌ನಲ್ಲೇ ಬರೆದು. ಕ್ಯಾಂಡಿಗೆ ಬೇರೆ ಲ್ಯಾಬ್ ಹುಡುಕುತ್ತಿದ್ದೇವೆ.